ಅಕ್ಕನ ಆರೈಕೆಯ ಖರ್ಚು, ನಿನ್ನ ತೆರಿಗೆಯ ಲೆಕ್ಕ

ಚಿ. ಮಂಜುನಾಥನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

‘ಪಾರ್ಶ್ವವಾಯುವಾದ ಅಮ್ಮನ ಫಿಸಿಯೋಥೆರಪಿ ರಸೀದಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ, ಅಷ್ಟೂ ಮೊತ್ತ ತೆರಿಗೆಯಲ್ಲಿ ಉಳಿಯುತ್ತದಲ್ಲವೇ’ ಎಂದು ನೀನು ಫೋನಿನಲ್ಲಿ ಕೇಳಿದೆ. ಉಳಿಯುವುದಿಲ್ಲ. 2025–26ನೇ ಸಾಲಿನವರೆಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮಿನಂತೆ, ವೈಕಲ್ಯವುಳ್ಳ ಅವಲಂಬಿತರನ್ನು ನೋಡಿಕೊಳ್ಳುವವರಿಗೆ ಕಡಿತ ಸಿಗುವುದು ತೆರಿಗೆಗೆ ಒಳಪಡುವ ಆದಾಯದಲ್ಲಿ. ಅದೂ ವೈಕಲ್ಯ ಶೇ 40ಕ್ಕೆ ಮುಟ್ಟಿದ್ದರೆ 75,000 ರೂಪಾಯಿ, ಶೇ 80 ಅಥವಾ ಅದಕ್ಕೂ ಹೆಚ್ಚಿದ್ದರೆ 1,25,000 ರೂಪಾಯಿ ಎಂಬ ನಿಗದಿತ ಮೊತ್ತ. ಆರೈಕೆಗೆ ನೀನು ಖರ್ಚು ಮಾಡಿರಬೇಕು ನಿಜ, ಆದರೆ ಖರ್ಚು ಎಷ್ಟಾಯಿತೆಂಬುದರ ಮೇಲೆ ಕಡಿತ ಹೆಚ್ಚುಕಡಿಮೆಯಾಗದು. ಶೇ 30ರ ದರದಲ್ಲಿ ತೆರಿಗೆ ಕಟ್ಟುವವನಿಗೆ 1,25,000ದ ಕಡಿತದಿಂದ ಸೆಸ್ಸೂ ಸೇರಿ ಉಳಿಯುವುದು 39,000. ಡಬ್ಬಿಯನ್ನು ಮಾತ್ರ ಎಸೆಯಬೇಡ. ಇಲಾಖೆ ಕೇಳಿದರೆ ಅದೇ ಸಾಕ್ಷಿ.

ಇನ್ನು, ಈ ಕಡಿತ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಂಟು. ನೀನು ಏನನ್ನೂ ಆರಿಸದಿದ್ದರೆ ತಾನಾಗಿಯೇ ಹೊಸ ಪದ್ಧತಿಗೆ ಸೇರುತ್ತೀಯ, ಅಲ್ಲಿ 80ಡಿಡಿಗೆ ಜಾಗವಿಲ್ಲ. 2025–26ನೇ ಸಾಲಿನಲ್ಲಿ ಸಂಬಳ 12.75 ಲಕ್ಷದೊಳಗಿದ್ದವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬಾರದ್ದರಿಂದ ಅಂಥವರು ಈ ಕಲಮನ್ನು ಮರೆಯುವುದೇ ಲೇಸು. ನಿನ್ನ ಸಂಬಳ ಅದಕ್ಕಿಂತ ಹೆಚ್ಚಾದ್ದರಿಂದ ಮನೆಬಾಡಿಗೆ ಭತ್ಯೆ, ಭವಿಷ್ಯನಿಧಿ, ಗೃಹಸಾಲದ ಬಡ್ಡಿ ಎಲ್ಲವನ್ನೂ ಸೇರಿಸಿ ಎರಡೂ ಪದ್ಧತಿಯ ಲೆಕ್ಕ ಹಾಕು. ಇದೊಂದೇ ಕಡಿತವನ್ನು ನಂಬಿ ಹಳೇ ಪದ್ಧತಿಗೆ ಹೋದರೆ ನಷ್ಟವೇ ಆಗುವುದೆಂಬುದು ನನ್ನ ಅಂದಾಜು. ಹಳೆಯದೇ ಮೇಲೆನಿಸಿದರೆ ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಬೇಕು, ತಡವಾದರೆ ಆ ಆಯ್ಕೆ ಕೈತಪ್ಪುತ್ತದೆ.

ಭಾವನ ಕುಟುಂಬ ಪಿಂಚಣಿ ಅಕ್ಕನಿಗೆ ಬರುತ್ತಿರುವುದರ ಬಗ್ಗೆ ಅಂಜಬೇಡ. ಪೋಷಕರು ‘ಮುಖ್ಯವಾಗಿ’ ನಿನ್ನನ್ನು ಅವಲಂಬಿಸಿದ್ದರೂ ಕಾಯ್ದೆಗೆ ಸಾಕು, ಅವಳ ಔಷಧದ ಖರ್ಚಿಗೇ ಆ ಪಿಂಚಣಿ ಸಾಲದು. ಆದರೆ ಬ್ಯಾಂಕು ಮೂಲದಲ್ಲೇ ಹಿಡಿದ ತೆರಿಗೆಯನ್ನು (ಟಿಡಿಎಸ್) ವಾಪಸ್ ಪಡೆಯಲು ಅವಳ ಹೆಸರಿನಲ್ಲಿ ರಿಟರ್ನ್ಸ್ ಹಾಕಿಸುವಾಗ ವೈಕಲ್ಯವುಳ್ಳವರು ತಾವೇ ಪಡೆಯುವ 80ಯು ಕಲಮಿನ ಕಡಿತವನ್ನು ಅವಳಿಗೆ ತೋರಿಸದಂತೆ ನೋಡಿಕೋ. ಅವಳು ಅದನ್ನು ಪಡೆದ ವರ್ಷ ನಿನಗೆ 80ಡಿಡಿ ಸಲ್ಲದು.

ಇದೆಲ್ಲಕ್ಕೂ ಮೂಲ ವೈದ್ಯಕೀಯ ಪ್ರಮಾಣಪತ್ರ. ಯುಡಿಐಡಿ ಕಾರ್ಡಿನ (ವೈಕಲ್ಯವುಳ್ಳವರ ಗುರುತಿನ ಚೀಟಿಯ) ಮೇಲಿನ ಬಣ್ಣದ ಪಟ್ಟಿ ಹಳದಿಯಾದರೆ ಶೇ 40ರಿಂದ 80ರೊಳಗೆ, ನೀಲಿಯಾದರೆ ಶೇ 80 ಮತ್ತು ಮೇಲೆ. ಕೈಗೆ ಬಂದೊಡನೆ ಬಣ್ಣ ನೋಡಿ ಸುಮ್ಮನಾಗದೆ ಅವಧಿಯನ್ನೂ ಓದು. ನಿನ್ನ ಅಜ್ಜನ ಪ್ರಮಾಣಪತ್ರ ತಾತ್ಕಾಲಿಕವಾದದ್ದೆಂದು ಗಮನಿಸದೆ, ಅವಧಿ ಮುಗಿದ ಮರುವರ್ಷದ ಕಡಿತವನ್ನು, ಲೆಕ್ಕಪತ್ರದಲ್ಲೇ ತಲೆ ನರೆತ ನಾನೇ ಕಳೆದುಕೊಂಡಿದ್ದೆ.

ಪಾರ್ಶ್ವವಾಯುವಾದ ಮೇಲೆ ಅಕ್ಕ ಎಡಗೈಯಲ್ಲಿ ಸಹಿ ಹಾಕುವುದನ್ನು ಕಲಿಯುತ್ತಿದ್ದಾಳೆಂದು ಹೇಳಿದೆಯಲ್ಲ. ಯುಡಿಐಡಿ ಅರ್ಜಿಗೆ ಹೆಬ್ಬೆಟ್ಟಿನ ಗುರುತೂ ನಡೆಯುತ್ತದೆ, ಸಹಿ ಪಳಗಲೆಂದು ಕಾಯುವುದು ಬೇಡ.

ಇಂತಿ ನಿನ್ನ ಸೋದರಮಾವ