ಕೆಳಗಿನ ಮನೆ ಅಣ್ಣನಿಗೆ

ಮೊನ್ನೆ ಭಾನುವಾರ ಟೋಕಿಯೋದ ಕುಡಾನ್ ಏರನ್ನು ನಡೆದೇ ಹತ್ತಿದೆ. ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಂಡೆ, ಅಷ್ಟೇ. ಯಾಸುಕುನಿ ದೇಗುಲದ ಆವರಣದ ಯೂಶೂಕಾನ್ ಯುದ್ಧ ಮ್ಯೂಸಿಯಂಗೆ ಹೋಗಿ ‘ಸುಯ್ಸೆಯ್’ ಅನ್ನೋ ಹಳೆಯ ಯುದ್ಧವಿಮಾನದ ಮುಂದೆ ನಿಂತುಕೊಂಡೆ. ಹೋದ ವರ್ಷ ಇದೇ ಹೊತ್ತಿಗೆ ನಾನು ಎಲ್ಲಿದ್ದೆ ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಸರದಿ ಮೇಲೆ ಗಂಜಿ, ಸಾರು ತಂದುಕೊಟ್ಟವರು, ಜಪಾನಿ ಫಾರಂಗಳನ್ನೆಲ್ಲ ತುಂಬಿಕೊಟ್ಟ ಆಫೀಸಿನ ಗೆಳತಿ, ಊರಲ್ಲಿ ಬಾಣಂತಿ ಹೆಂಡತಿಯನ್ನೂ ಮಗುವನ್ನೂ ನೋಡಿಕೊಂಡ ಅಮ್ಮ, ಅತ್ತೆ, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ಕೆಳಗಿನ ಮನೆ ಅಣ್ಣ.

ನಾನು ಮಲಗಿದ್ದ ಆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಯಾರನ್ನೂ ಜೊತೆಗೆ ಬಿಡುತ್ತಿರಲಿಲ್ಲ. ಆ ಒಂದು ರಾತ್ರಿ ಬಿಟ್ಟರು. ಬಿಟ್ಟರು ಅಂದರೆ ಏನರ್ಥ ಅಂತ ಅವರಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಅಣ್ಣನಿಗೆ ವಿಮಾನದ ಗಂಧವೇ ಇಲ್ಲ. ಆದರೂ ಕುರ್ಚಿ ಎಳೆದುಕೊಂಡು ಕೂತು, “ನಿದ್ದೆ ಬರದಿದ್ರೆ ನಿನ್ನ ಆ ವಿಮಾನದ ಕತೆ ಹೇಳಪ್ಪ” ಅಂದರು.

ಹೇಳಿದೆ. ಸುಯ್ಸೆಯ್ ಅಂದರೆ ಧೂಮಕೇತು. ಎರಡನೇ ಮಹಾಯುದ್ಧದ ಕಾಲದ ಜಪಾನ್ ನೌಕಾಪಡೆಯ ಎರಡು ಸೀಟಿನ ಡೈವ್ ಬಾಂಬರ್, ಅಂದರೆ ಮೇಲಿಂದ ಕೆಳಕ್ಕೆ ಧುಮುಕುತ್ತಾ ಬಾಂಬ್ ಹಾಕುವ ವಿಮಾನ. ಅಮೆರಿಕದವರು ಅದನ್ನು ‘ಜೂಡಿ’ ಅಂತಿದ್ದರು. ಸುಮಾರು 2000 ತಯಾರಾದವು. ಇವತ್ತು ಮ್ಯೂಸಿಯಂನಲ್ಲಿ ಇಡಿಯಾಗಿ ನೋಡಲು ಸಿಗುವುದು ಎರಡೇ. ಯಾಪ್ ದ್ವೀಪದಲ್ಲಿ ಸಿಕ್ಕಿದ್ದು ಟೋಕಿಯೋದಲ್ಲಿದೆ. ಇಂಡೋನೇಷ್ಯಾದ ಬಾಬೋದಲ್ಲಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಚೀನೋದಲ್ಲಿದೆ. ವಿಮಾನ ಒಂದೇ, ಮೂತಿ ಬೇರೆ. ಟೋಕಿಯೋದ್ದಕ್ಕೆ ಚೂಪು ಮೂತಿ, ನೀರಿನಿಂದ ತಣ್ಣಗಾಗುವ ಅತ್ಸುತಾ ಇಂಜಿನ್. ಯುದ್ಧದ ನಡುವೆ ಅದನ್ನು ಸಂಭಾಳಿಸುವುದೇ ಕಷ್ಟವಾಗಿ, ಆಮೇಲೆ ಗಾಳಿಯಿಂದ ತಣ್ಣಗಾಗುವ ಕಿನ್ಸೆಯ್ ಇಂಜಿನ್ ಕೂರಿಸಿದರು, ಮೂತಿ ದುಂಡಗಾಯಿತು. ಚೀನೋದ್ದು ಆ ದುಂಡು ಮೂತಿಯದು. ನನಗೆ ಚೂಪು ಮೂತಿಯದೇ ಚೆಂದ.

ಆಮೇಲೆ 1944ರ ಅಕ್ಟೋಬರ್ 24ರ ಕತೆಗೆ ಬಂದೆ. ಒಂದೇ ಒಂದು ಸುಯ್ಸೆಯ್ ಹಾಕಿದ ಒಂದೇ ಬಾಂಬಿಗೆ ಅಮೆರಿಕದ ಪ್ರಿನ್ಸ್‌ಟನ್ ಹಡಗು ಹೊತ್ತಿಕೊಂಡಿತು. ಬೆಂಕಿ ಆರಿಸಲು ಬರ್ಮಿಂಗ್‌ಹ್ಯಾಮ್ ಅನ್ನೋ ಹಡಗು ಪಕ್ಕಕ್ಕೇ ಬಂದು ನಿಂತಿತು. ಆಗ ಪ್ರಿನ್ಸ್‌ಟನ್ ಸಿಡಿಯಿತು. ನೆರವಿಗೆ ಬಂದ ಹಡಗಿನಲ್ಲೇ ಜಾಸ್ತಿ ಜನ ಸತ್ತರು, 200ಕ್ಕೂ ಹೆಚ್ಚು.

ಅಲ್ಲಿಗೆ ಬಂದಾಗ ಗಂಟಲು ಕಟ್ಟಿತು. “ಅಣ್ಣಾ, ನೀವು ಮನೆಗೆ ಹೋಗಿ” ಅಂದೆ. ಅಳುತ್ತಿದ್ದೆ. ಸಾಯೋದನ್ನ ಯಾರೂ ನೋಡೋದು ಬೇಡ ಅನ್ನಿಸಿಬಿಟ್ಟಿತ್ತು.

ಅವರು ಏಳಲಿಲ್ಲ. ಕಾಲ ಹತ್ತಿರ ಸರಿದಿದ್ದ ಹೊದಿಕೆಯನ್ನು ಮೇಲಕ್ಕೆ ಎಳೆದು, “ಎರಡು ಸೀಟು ಅಂದ್ಯಲ್ಲ, ಹಿಂದೆ ಕೂತವನ ಕೆಲಸ ಏನು?” ಅಂತ ಕೇಳಿದರು.

“ಗನ್ ಹಿಡಿದಾಗ ಹಿಂದಕ್ಕೆ ತಿರುಗಿ ಕೂರ್ತಾನೆ ಅಣ್ಣ. ಎಲ್ಲಿಗೆ ಬೀಳ್ತಿದ್ದೀವಿ ಅಂತ ಅವನಿಗೆ ಕಾಣಲ್ಲ.”

“ಆದ್ರೂ ಹೋಗ್ತಾನಲ್ಲ. ಸರಿ, ಮುಂದೆ ಹೇಳು.”

ಬೆಳಗಾಗುವವರೆಗೂ ಹೇಳಿದೆ. ಎಷ್ಟೋ ಸಲ ಹೇಳಿದ್ದನ್ನೇ ಹೇಳಿದ್ದೇನೆ. ಪ್ರತಿ ಸಲವೂ ಹೂಂಗುಟ್ಟಿದರು.

ಈ ವಿಮಾನ ಎಷ್ಟು ಜನರನ್ನು ಕೊಂದಿತು, ಅದರಲ್ಲಿ ಎಂಥ ಎಳೆ ಹುಡುಗರು ಸತ್ತರು ಅನ್ನೋದು ಮರೆತು ನಾನು ಅದನ್ನು ನೋಡಲು ಹೋಗಲಿಲ್ಲ. ಮೊನ್ನೆ ಹೆಚ್ಚು ಹೊತ್ತು ನೋಡಿದ್ದು ಸೀಟುಗಳ ಮೇಲಿನ ಆ ಉದ್ದನೆಯ ಗಾಜಿನ ಮುಚ್ಚಳದ ಹಿಂಭಾಗವನ್ನೇ. ಹೊರಗೆ ಬಂದು ದಾವಣಗೆರೆಗೆ ಫೋನ್ ಮಾಡಿದೆ. ಅಣ್ಣ ಈಗ ಅಲ್ಲೇ ಇದ್ದಾರೆ.

“ಹಿಂದಿನ ಸೀಟಿನ ಜಾಗ ನೋಡ್ಕೊಂಡು ಬಂದೆ ಅಣ್ಣ.”

“ಹೌದಾ? ಏರು ಹತ್ತುವಾಗ ಜೊತೆಗೆ ಯಾರಿದ್ರು?” ಅಂತ ಕೇಳಿದರು.