ದುರಸ್ತಿಯಾಗಿ ಬಂದ ಏರ್ ರೈಫಲ್ ಮತ್ತೆ ಗುರಿ ತಪ್ಪುತ್ತಿರುವ ಬಗ್ಗೆ ದೂರು

ಮಡಿಕೇರಿ

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ಮಾನ್ಯರೇ,

ವಿಷಯ: 10 ಮೀಟರ್ ಮ್ಯಾಚ್ ಏರ್ ರೈಫಲ್ (4.5 ಮಿ.ಮೀ., ಒಂದೊಂದೇ ಪೆಲೆಟ್ ತುಂಬುವ ಮಾದರಿ) ಸರ್ವಿಸ್ ಆದ ಮೇಲೂ ಗ್ರೂಪ್ ಕೂಡದಿರುವುದು (ಹೊಡೆತಗಳು ಒಂದೇ ಕಡೆ ಬೀಳದಿರುವುದು), ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ದೋಷ ಸರಿಪಡಿಸಿಕೊಡಲು ಮತ್ತು ಶುಲ್ಕ ಮರಳಿಸಲು ಕೋರಿಕೆ.

ನಿಮ್ಮ ಜಾಬ್ ಕಾರ್ಡ್‌ನಲ್ಲಿ ‘ರೆಗ್ಯುಲೇಟರ್ ಸರ್ವಿಸ್, ಸೀಲ್ ಕಿಟ್ ಬದಲಾವಣೆ, ಬ್ಯಾರಲ್ ಸ್ವಚ್ಛತೆ, ಟೆಸ್ಟ್ ಓಕೆ’ ಎಂದು ಬರೆದಿದೆ. ಜೊತೆಗೆ ಐದು ಹೊಡೆತದ ಒಂದು ಟಾರ್ಗೆಟ್ ಕಾಗದವನ್ನೂ ಇಟ್ಟಿದ್ದೀರಿ. ರೈಫಲ್ ಸರಿಯಾಗಿಲ್ಲ ಎಂದು ಫೋನ್ ಮಾಡಿದರೆ ಬಂದ ಉತ್ತರ ಎರಡೇ: ಪೆಲೆಟ್ ಬದಲಿಸಿ ನೋಡಿ, ಇಲ್ಲವೇ ಶೂಟರ್‌ನ ಹಿಡಿತ ನೋಡಿ. ಎರಡನ್ನೂ ನೋಡಿ ಆಯಿತು. ದೋಷ ರೈಫಲ್ ಒಳಗೇ ಇದೆ, ಅದೂ ನೀವು ಸರ್ವಿಸ್ ಮಾಡಿದ್ದೇವೆ ಎಂದು ಬರೆದ ಭಾಗದಲ್ಲೇ.

ಹಿಡಿತದ ಮಾತು ಬರಬಾರದೆಂದು ರೈಫಲನ್ನು ವೈಸ್‌ಗೆ ಕಟ್ಟಿಯೇ ಪರೀಕ್ಷಿಸಲಾಗಿದೆ. ಮರದ ಹಿಡಿ ಬಿಚ್ಚಿ, ರಿಸೀವರ್ ಭಾಗವನ್ನು ರಬ್ಬರ್ ಹಾಕಿ ಬಿಗಿದದ್ದು. ಗಾಳಿ ತುಂಬಿದ ಸಿಲಿಂಡರ್‌ಗೆ ಎಲ್ಲೂ ಒತ್ತಡ ಬಿದ್ದಿಲ್ಲ. ಒಳಾಂಗಣ, 10 ಮೀಟರ್, 0.53 ಗ್ರಾಂ ತೂಕದ, 4.50 ಮಿ.ಮೀ. ತಲೆಯ ಮ್ಯಾಚ್ ಪೆಲೆಟ್. ಒಂದು ಬಾರಿಗೆ ಒಂದೇ ಅಂಶ ಬದಲಿಸಿ, ಪ್ರತಿ ಸಲವೂ ಹತ್ತು ಹೊಡೆತ. ಐದು ಹೊಡೆತದ ಗ್ರೂಪ್ ನಂಬುವಂಥದ್ದಲ್ಲ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಬಿಡದೆ ಒಂದರ ಹಿಂದೊಂದು ಹೊಡೆದಾಗ ರಂಧ್ರದ ಹೊರ ಅಂಚಿನಿಂದ ಹೊರ ಅಂಚಿಗೆ 6.5 ಮಿ.ಮೀ. ಬಂತು. ಪೆಲೆಟ್‌ನ 4.5 ಕಳೆದರೆ ಕೇಂದ್ರದಿಂದ ಕೇಂದ್ರಕ್ಕೆ 2 ಮಿ.ಮೀ. ಹೊಸದರಲ್ಲಿ ಡಬ್ಬದೊಳಗೆ ಬಂದ ಫ್ಯಾಕ್ಟರಿ ಟೆಸ್ಟ್ ಕಾರ್ಡ್‌ನಷ್ಟು ಚೆನ್ನಾಗಿಲ್ಲ, ಆದರೂ ಸಹಿಸಬಹುದು. ಅನಂತರ ಒಂದು ಹೊಡೆತ ತಕ್ಷಣ, ಮುಂದಿನದು ಐದು ನಿಮಿಷ ಬಿಟ್ಟು, ಹೀಗೆ ಹತ್ತು ಹೊಡೆದಾಗ ಕಾಗದದ ಮೇಲಿನ ತೂತು ಕಡಲೆಕಾಯಿಯ ಆಕಾರಕ್ಕೆ ತಿರುಗಿತು. ತಕ್ಷಣ ಹೊಡೆದವೆಲ್ಲ ಕೆಳಗಿನ ಬೀಜ, ಕಾದು ಹೊಡೆದವೆಲ್ಲ ಮೇಲಿನ ಬೀಜ. ಅಗಲ 6.3, ಎತ್ತರ 8.2 ಮಿ.ಮೀ. ಬ್ಯಾರಲ್ ಸಡಿಲವಾಗಿದ್ದರೆ ಗ್ರೂಪ್ ಯಾವ ಕಡೆಗಾದರೂ ಚೆದುರುತ್ತದೆ. ಎಷ್ಟು ಹೊತ್ತು ಕಾದೆವು ಎಂಬ ಲೆಕ್ಕ ಹಿಡಿದು ನೇರ ಮೇಲಕ್ಕೆ ಏರುವುದಿಲ್ಲ.

ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟಾಗ ಅನುಮಾನವೇ ಉಳಿಯಲಿಲ್ಲ. ಹತ್ತು ನಿಮಿಷ ಸುಮ್ಮನಿಟ್ಟು ಹೊಡೆದ ಮೊದಲ ಪೆಲೆಟ್ ಸೆಕೆಂಡಿಗೆ 182 ಮೀಟರ್, ಎರಡನೆಯದು 174, ಮೂರನೆಯದರಿಂದ 172ರ ಆಸುಪಾಸು. 172ರ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ 16.6 ಮಿ.ಮೀ. ಕುಸಿಯುತ್ತದೆ, 182ರದ್ದು 14.8. ವ್ಯತ್ಯಾಸ 1.8 ಮಿ.ಮೀ. (ಗಾಳಿಯ ತಡೆ ಬಿಟ್ಟು ಹಾಕಿದ ಲೆಕ್ಕ ಇದು.) ಕಡಲೆಕಾಯಿಯ ಎರಡು ಬೀಜಗಳ ನಡುವಿನ ಅಂತರವೂ ಅಷ್ಟೇ. ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಹಿಡಿಯುವ ಕೋವಿಗೆ ಇದು ಲೆಕ್ಕಕ್ಕೇ ಬಾರದ ಅಳತೆ. ಆದರೆ ಈ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ., ರಿಂಗ್‌ನಿಂದ ರಿಂಗ್‌ಗೆ 2.5 ಮಿ.ಮೀ., ದಶಮಾಂಶದ ಪ್ರತಿ 0.1 ಅಂಕಕ್ಕೆ 0.25 ಮಿ.ಮೀ. ಅಂದರೆ ಶೂಟರ್ ಯಾವ ತಪ್ಪೂ ಮಾಡದೆ ಒಂದು ಹೊಡೆತಕ್ಕೆ 0.7 ಅಂಕದವರೆಗೆ ಹೋಗಬಹುದು.

ನಿಮ್ಮ ವರ್ಕ್‌ಶಾಪಿನಲ್ಲಿ ಇದು ಯಾಕೆ ಕಾಣಲಿಲ್ಲ? ಐದು ಹೊಡೆತವನ್ನು ಪಟಪಟನೆ ಮುಗಿಸಿದರೆ ಕಾಣುವುದಿಲ್ಲ. ಪಂದ್ಯದಲ್ಲಿ 60 ಹೊಡೆತಕ್ಕೆ 75 ನಿಮಿಷ ಇರುತ್ತದೆ. ಶೂಟರ್ ಒಮ್ಮೆ ಅರ್ಧ ನಿಮಿಷಕ್ಕೆ ಹೊಡೆಯುತ್ತಾನೆ, ಇನ್ನೊಮ್ಮೆ ರೈಫಲ್ ಇಳಿಸಿ ಮೂರು ನಿಮಿಷ ಸುಧಾರಿಸಿಕೊಳ್ಳುತ್ತಾನೆ. ಆ ಅಂತರದಲ್ಲೇ ರೆಗ್ಯುಲೇಟರ್ ಒತ್ತಡ ಮೆಲ್ಲಗೆ ಏರಿಬಿಡುತ್ತದೆ.

ಬೇರೆ ಕಾರಣಗಳನ್ನೂ ಪಕ್ಕಕ್ಕಿಟ್ಟಿಲ್ಲ. ಬೇರೆ ಬೇರೆ ಬ್ಯಾಚಿನ ಮೂರು ಡಬ್ಬ ಪೆಲೆಟ್, 4.49ರಿಂದ 4.51ರವರೆಗಿನ ತಲೆ: ಗ್ರೂಪ್ ತುಸು ಹಿಗ್ಗಿತು, ಕುಗ್ಗಿತು, ಕಡಲೆಕಾಯಿ ಮಾತ್ರ ಹಾಗೇ ಇತ್ತು. ಹಿಂದಿನ ಸೈಟ್ ತೆಗೆದು, ಸರಿಯಿದೆ ಎಂದು ಗೊತ್ತಿರುವ ಇನ್ನೊಂದನ್ನು ಹಾಕಲಾಯಿತು. ಬ್ಯಾರಲ್ ಕ್ಲ್ಯಾಂಪ್ ಸ್ಕ್ರೂಗಳು ಬಿಗಿಯಾಗಿವೆ. ಬ್ಯಾರಲ್ ತುದಿಯ ಒಳ ಅಂಚಿನ ಸುತ್ತ ಹತ್ತಿ ಕಡ್ಡಿ ತಿರುಗಿಸಿದರೆ ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಹಾಗಾಗಿ ಅಲ್ಲಿ ಪೆಟ್ಟಾಗಿಲ್ಲ. ಬೇರೆ ಸಿಲಿಂಡರ್ ಹಾಕಿದರೂ ಫಲಿತಾಂಶ ಅದೇ. ‘ಕೊಡಗಿನ ಮಳೆಗಾಲದ ತೇವದ ಗಾಳಿ ಪಂಪ್ ಮಾಡಿರುತ್ತೀರಿ’ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಕೈಪಂಪ್ ಬಳಸಿಯೇ ಇಲ್ಲ. ಒಣಗಾಳಿ ತುಂಬಿದ ಡೈವಿಂಗ್ ಸಿಲಿಂಡರ್‌ನಿಂದ 200 ಬಾರ್‌ಗೆ ತುಂಬುವುದು ವಾಡಿಕೆ. ರೆಗ್ಯುಲೇಟರ್ ಬಿಚ್ಚಿದಾಗ ತೇವವೋ ತುಕ್ಕೋ ಕಂಡಿದ್ದರೆ ಫೋಟೋ ಕಳುಹಿಸಿ, ಒಪ್ಪಿಕೊಳ್ಳುತ್ತೇನೆ. ನಿಜವಾಗಿ ಬಿಚ್ಚಿದ್ದೀರಾ ಎಂಬ ಸಂಶಯವೂ ಇದೆ, ಮುಚ್ಚಿಡುವುದಿಲ್ಲ.

ಈ ನಡುವೆ ಎರಡನೇ ದೋಷವೂ ಸಿಕ್ಕಿತು. ಬ್ರೀಚ್ (ಪೆಲೆಟ್ ತುಂಬುವ, ಬ್ಯಾರಲ್‌ನ ಹಿಂತುದಿ) ಸೇರುವ ಜಾಗದ ಮೇಲೆ ಟಿಶ್ಯೂ ಕಾಗದದ ಎಳೆಯಿಟ್ಟು ಹೊಡೆದರೆ ಅದು ಹಾರಿ ಬೀಳುತ್ತಿತ್ತು. ಗಾಳಿ ಹಿಂದಕ್ಕೆ ಸೋರುತ್ತಿದೆ ಎಂದರ್ಥ. ನೀವು ಹಾಕಿದ ಓ-ರಿಂಗ್ (ರಬ್ಬರ್ ಸೀಲ್) ಅದು ಕೂರುವ ತೋಡಿಗಿಂತ ದಪ್ಪ. ಲಿವರ್ ಮುಚ್ಚುವಾಗ ಬಿಗಿ ಹಿಡಿದು, ರಿಂಗ್‌ನ ಒಂದು ಬದಿಯಲ್ಲಿ ಉಗುರಿನ ಗುರುತಿನ ಹಾಗೆ ಅರ್ಧಚಂದ್ರಾಕಾರದ ಚೂರು ಕತ್ತರಿಸಿ ಹೋಗಿದೆ. ಕೈಪಿಡಿಯ ಪ್ರಕಾರ ಈ ಸೀಲನ್ನು ಗ್ರಾಹಕರೇ ಬದಲಿಸಬಹುದು. ರೈಫಲ್ ಜೊತೆ ಬಂದ ಮೂಲ ಸೀಲ್ ಹಾಕಿದ ಮೇಲೆ, ಅರ್ಧ ನಿಮಿಷಕ್ಕೊಂದು ಹೊಡೆತದ ವೇಗ 166ರಿಂದ 174ರ ನಡುವೆ ಓಲಾಡುತ್ತಿದ್ದದ್ದು 171ರಿಂದ 173ಕ್ಕೆ ಬಂತು. ಮೇಲೆ ಕೊಟ್ಟ ಗ್ರೂಪ್ ಮತ್ತು 182ರ ಅಳತೆಗಳೆಲ್ಲ ಈ ಬದಲಾವಣೆಯ ನಂತರದವು. ಸೋರಿಕೆ ನಿಂತರೂ ಒತ್ತಡದ ಏರಿಕೆ ನಿಲ್ಲಲಿಲ್ಲ, ಅಂದರೆ ಇವು ಬೇರೆ ಬೇರೆ ದೋಷಗಳು.

ಅದೇ ಬ್ರೀಚ್‌ನಲ್ಲಿ ಪೆಟ್ರೋಲಿಯಂ ಎಣ್ಣೆಯ ಪಸೆಯಿತ್ತು, ಮೂಗಿಗೆ ವಾಸನೆ ಹೊಡೆಯುವಷ್ಟು. ಒತ್ತಡದ ಗಾಳಿ ಓಡಾಡುವ ಜಾಗಕ್ಕೆ ಇಂಥ ಎಣ್ಣೆ ಹಾಕಿದರೆ ಅದು ಹೊತ್ತಿಕೊಳ್ಳುವ ಅಪಾಯವಿದೆ. ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಸೀಲ್ ಹೊಳೆಯುವಷ್ಟೇ ಹಚ್ಚಬೇಕು. ಒಣ ಫೆಲ್ಟ್ ಹಾಕಿ ಬ್ರೀಚ್ ಕಡೆಯಿಂದ ಬ್ಯಾರಲ್ ಒರೆಸಿ ತೆಗೆಯಬೇಕಾಯಿತು. ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ದಯವಿಟ್ಟು ತಿಳಿಸಿ, ಬೇರೆ ಗ್ರಾಹಕರ ಸಲುವಾಗಿಯಾದರೂ.

ರೆಗ್ಯುಲೇಟರ್‌ನಲ್ಲಿ ಆಗಿರುವುದು ಏನೆಂದು ಊಹಿಸುವುದು ಕಷ್ಟವಲ್ಲ. ಪಿಸ್ಟನ್ ತುದಿ ಹೋಗಿ ಕೂರುವ ಸೀಟ್‌ನಲ್ಲಿ ಗೀರು ಬಿದ್ದಿದೆ, ಇಲ್ಲವೇ ಕಸದ ಕಣವೊಂದು ಕೂತಿದೆ. ಸೀಟ್ ಪೂರ್ತಿ ಮುಚ್ಚದೆ ಸಿಲಿಂಡರ್‌ನ ಗಾಳಿ ತೊಟ್ಟಿಕ್ಕಿದ ಹಾಗೆ ಮುಂದಿನ ಕೋಣೆಗೆ ಇಳಿಯುತ್ತಿದೆ. ಹೊರಗಿನ ಓ-ರಿಂಗ್‌ಗಳನ್ನಷ್ಟೇ ಬದಲಿಸಿದರೆ ಇದು ಹೋಗುವುದಿಲ್ಲ. ಏರಿಕೆ ಇನ್ನೂ ಹೆಚ್ಚಿದರೆ ವಾಲ್ವ್‌ಗೆ ಬಡಿದು ಗಾಳಿ ಬಿಡುವ ಒಳಗಿನ ಸುತ್ತಿಗೆಗೆ ಅದನ್ನು ತೆರೆಯಲಾಗದೆ ವೇಗ ತಿರುಗಿ ಬೀಳುವುದೂ ಉಂಟು. ಆಗ ಯಾರಾದರೂ ಸುತ್ತಿಗೆಯ ಸ್ಪ್ರಿಂಗ್ ಬಿಗಿ ಮಾಡಿ ಕೆಲಸ ಇನ್ನಷ್ಟು ಕೆಡಿಸುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಸುತ್ತಿಗೆ, ಟ್ರಿಗರ್ ಎರಡೂ ಸರಿಯಾಗಿವೆ.

ಆದ್ದರಿಂದ ರೆಗ್ಯುಲೇಟರ್ ಸೀಟ್ ಹೊಸದು ಹಾಕಿ, ಪಿಸ್ಟನ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ ಗೀರಿದ್ದರೆ ಅದನ್ನೂ ಬದಲಿಸಿಕೊಡಬೇಕು. ತಟ್ಟೆ ಸ್ಪ್ರಿಂಗ್‌ಗಳನ್ನು ಕೈಪಿಡಿಯ ಚಿತ್ರದಲ್ಲಿರುವ ಕ್ರಮದಲ್ಲೇ ಜೋಡಿಸಿ. ಬ್ರೀಚ್‌ಗೆ ಕಂಪನಿಯ ಮೂಲ ಸೀಲ್ ಒಂದು ಹಾಕಿ, ಒಂದು ಬಿಡಿಯಾಗಿ ಕೊಡಿ. ಕೊನೆಯ ಪರೀಕ್ಷೆ ಹೀಗಿರಲಿ: ಹತ್ತು ನಿಮಿಷ ಬಿಟ್ಟು ಮೂರು ಹೊಡೆತ, ಇದು ಮೂರು ಸಲ, ಒಂಬತ್ತೂ ವೇಗಗಳನ್ನು ಬರೆದು ಕಳುಹಿಸಿ. ವಿರಾಮದ ನಂತರದ ಮೊದಲ ಹೊಡೆತ ಉಳಿದವಕ್ಕಿಂತ ಸೆಕೆಂಡಿಗೆ 2 ಮೀಟರ್‌ಗಿಂತ ಹೆಚ್ಚಿದ್ದರೆ ರೈಫಲ್ ವಾಪಸ್ ಕಳುಹಿಸಬೇಡಿ, ಮತ್ತೆ ಬಿಚ್ಚಿ. ಆಗದ ಕೆಲಸಕ್ಕೆ ತೆಗೆದುಕೊಂಡ ಸರ್ವಿಸ್ ಶುಲ್ಕ ಮತ್ತು ಎರಡೂ ಕಡೆಯ ಕೊರಿಯರ್ ವೆಚ್ಚ ಮರಳಿಸಬೇಕು.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾಗುತ್ತದೆ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ರೈಫಲ್ ಕಳುಹಿಸಲು ಸಿದ್ಧವಿದೆ. ಸಿಲಿಂಡರ್ ಕಳಚಿ ಇಲ್ಲೇ ಇಟ್ಟುಕೊಳ್ಳುತ್ತೇನೆ, ಪರೀಕ್ಷೆಗೆ ನಿಮ್ಮದನ್ನೇ ಬಳಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಜಾಬ್ ಕಾರ್ಡ್ ಮತ್ತು ರಸೀದಿಯ ಪ್ರತಿ, ಟಾರ್ಗೆಟ್ ಕಾಗದಗಳು (ಕಾದ ಅವಧಿಯನ್ನು ಪ್ರತಿ ರಂಧ್ರದ ಪಕ್ಕ ಪೆನ್ಸಿಲ್‌ನಲ್ಲಿ ಗುರುತಿಸಿದೆ), ವೇಗದ ಪಟ್ಟಿ, ಕತ್ತರಿಸಿದ ಓ-ರಿಂಗ್ ಸಣ್ಣ ಕವರಿನಲ್ಲಿ.