ನುಡಿಮುತ್ತು ಬರೆಯಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ನುಡಿಗಳನ್ನು ನಿಧಾನವಾಗಿ, ಪೆನ್ಸಿಲ್ ಹಿಡಿದು ಓದಿದೆ. ಬಹುಪಾಲು ಸಾಲುಗಳು ಕಿವಿಗೆ ಇಂಪಾಗಿವೆ. ಆದರೆ ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿದವು ಬಹಳ ಕಡಿಮೆ. ಉಳಿದವು ಯಾಕೆ ಉಳಿದವು, ಮಿಕ್ಕವು ಯಾಕೆ ಜಾರಿದವು ಎಂಬುದನ್ನೇ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಅಷ್ಟು ತಿಳಿದರೆ ಮುಂದಿನದನ್ನು ನೀನೇ ಮಾಡಿಕೊಳ್ಳಬಲ್ಲೆ.

ಉಳಿದ ಸಾಲುಗಳು ನೀನು ಕಣ್ಣಾರೆ ಕಂಡದ್ದರಿಂದ ಹುಟ್ಟಿವೆ. ಮಿಕ್ಕವು ನುಡಿಮುತ್ತು ಬರೆಯಬೇಕೆಂಬ ಆಸೆಯಿಂದ ಹುಟ್ಟಿವೆ. "ಮೌನ ಜ್ಞಾನದ ಬಾಗಿಲು" ಎಂದು ಬರೆದಿದ್ದೀಯ. ಅದನ್ನು ಹಿಂದುಮುಂದು ಮಾಡಿ ನೋಡು: "ಜ್ಞಾನ ಮೌನದ ಬಾಗಿಲು." ಇದೂ ಅಷ್ಟೇ ಗಂಭೀರವಾಗಿ ಕೇಳಿಸುತ್ತದೆ, ಇದಕ್ಕೂ ಜನ ತಲೆದೂಗುತ್ತಾರೆ. ತಿರುಗಿಸಿದರೂ ಏನೂ ಕೆಡದಿದ್ದರೆ ಅದರಲ್ಲಿ ಕೆಡುವಂಥದ್ದು ಏನೂ ಇರಲಿಲ್ಲ ಎಂದೇ ಅರ್ಥ. ಬಾಗಿಲು, ಬೆಳಕು, ಹಾದಿ, ದೀಪ, ಕನ್ನಡಿ, ಇವು ಯಾವ ಪದದ ಪಕ್ಕದಲ್ಲಿಟ್ಟರೂ ಹೊಂದಿಕೊಂಡುಬಿಡುತ್ತವೆ. ನಿನ್ನ ಬರಹದಲ್ಲಿ ಇವು ಕಂಡಲ್ಲೆಲ್ಲ ಒಮ್ಮೆ ನಿಂತು, ಸಾಲನ್ನು ತಿರುಗಿಸಿ ನೋಡು.

ಈಗ ನಿನ್ನದೇ ಇನ್ನೊಂದು ಸಾಲು: "ಸಾಲ ಕೊಟ್ಟವನಿಗೆ ಕೊಟ್ಟ ದಿನ ನೆನಪಿರುತ್ತದೆ, ಪಡೆದವನಿಗೆ ತನ್ನ ಕಷ್ಟ ನೆನಪಿರುತ್ತದೆ." ಇದನ್ನು ತಿರುಗಿಸಿದರೆ ಸುಳ್ಳಾಗುತ್ತದೆ. ಇದರಲ್ಲಿ ಇಬ್ಬರು ಮನುಷ್ಯರಿದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ನೆನೆಯುತ್ತಿರುವುದು ಒಂದೇ ಘಟನೆಯನ್ನು, ಆದರೂ ನಾಳೆ ಇಬ್ಬರಿಗೂ ಜಗಳ ಖಂಡಿತ. ಆ ಜಗಳದ ಮಾತನ್ನು ನೀನು ಎತ್ತಲಿಲ್ಲ, ಓದುವವರಿಗೆ ಬಿಟ್ಟೆ. ಇಲ್ಲೇ ನಿನ್ನ ಕೈಗುಣ ನನಗೆ ಕಂಡದ್ದು.

ಸಾಲದ ಮಾತು ಬಂದದ್ದರಿಂದ ಸರ್ವಜ್ಞನ ತ್ರಿಪದಿಯನ್ನು ಹತ್ತಿರದಿಂದ ನೋಡು. ಸಾಲ ಮಾಡಬೇಡ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ತೆಗೆದುಕೊಳ್ಳುವಾಗ ಹಾಲು ಅನ್ನ ಉಂಡ ಹಾಗೆ, ಸಾಲಿಗ ಬಂದು ಎಳೆಯುವಾಗ ಕಿಬ್ಬದಿಯ ಕೀಲು ಮುರಿದ ಹಾಗೆ. ಇಷ್ಟೇ. ಎರಡು ಗಳಿಗೆಗಳು, ಎರಡೂ ಮೈಗೆ ತಾಗುವಂಥವು, ಒಂದು ನಾಲಗೆಗೆ, ಇನ್ನೊಂದು ಸೊಂಟಕ್ಕೆ. ನಡುವಿನ ತಿಂಗಳುಗಳನ್ನು, ಬಡ್ಡಿಯನ್ನು, ತಪ್ಪಿಸಿಕೊಂಡು ಓಡಾಡಿದ್ದನ್ನು ಕವಿ ಬಿಟ್ಟಿದ್ದಾನೆ. ಮೂರೇ ಸಾಲು, ಅದರಲ್ಲೂ ಕೊನೆಯ ಸಾಲಿನ ತುದಿ ಅಂಕಿತಕ್ಕೆ ಹೋಗುತ್ತದೆ. ಇರುವ ಜಾಗವನ್ನು ಉಪದೇಶಕ್ಕೆ ಕೊಟ್ಟಿದ್ದರೆ ಆ ಎರಡು ಗಳಿಗೆಗಳಲ್ಲಿ ಒಂದನ್ನು ಕೈಬಿಡಬೇಕಾಗುತ್ತಿತ್ತು.

ಹಾಗಾಗಿ ಮೊದಲ ಕೆಲಸ ಇದು. ನಿನ್ನ ಪುಸ್ತಕದಲ್ಲಿ "ಬೇಕು", "ಬಾರದು", "ಕೂಡದು" ಎಂದು ಮುಗಿಯುವ ಸಾಲುಗಳಿಗೆಲ್ಲ ಸುತ್ತು ಹಾಕು. ಪ್ರತಿಯೊಂದು ಬುದ್ಧಿಮಾತಿನ ಹಿಂದೆಯೂ ಅದನ್ನು ಮೀರಿದ ಯಾರೋ ಒಬ್ಬರನ್ನು ನೀನು ಕಂಡಿರುತ್ತೀಯ. ಬುದ್ಧಿಮಾತನ್ನು ಪಕ್ಕಕ್ಕಿಟ್ಟು ಆ ಮನುಷ್ಯನನ್ನು ಬರೆ.

ನಿನ್ನ ಒಂದು ಸಾಲನ್ನೇ ತೆಗೆದುಕೊಳ್ಳೋಣ: "ತಪ್ಪು ಮಾಡಿದಾಗ ನೆಪ ಹೇಳದೆ ಮನಃಪೂರ್ವಕವಾಗಿ ಕ್ಷಮೆ ಕೇಳಬೇಕು." ಇದರ ಹಿಂದೆ ಯಾರಿದ್ದಾರೆ? ಕ್ಷಮೆ ಕೇಳುತ್ತಲೇ ಕಾರಣ ಶುರುಮಾಡುವ ಒಬ್ಬ ಮನುಷ್ಯ. ಅವನನ್ನು ಒಳಗೆ ತಂದರೆ ಹೀಗಾಗುತ್ತದೆ: "ಕ್ಷಮೆ ಕೇಳುವವರು ಹಲವರು ಜೊತೆಯಲ್ಲೇ ಕಾರಣಗಳನ್ನೂ ಹೇಳುವುದರಿಂದ ಆ ಕ್ಷಮೆಗೆ ಬೆಲೆಯಿಲ್ಲದಂತಾಗುತ್ತದೆ." ಮನುಷ್ಯ ಬಂದ, ಜೊತೆಗೆ ತೀರ್ಪೂ ಬಂತು. ಬೆಲೆಯಿಲ್ಲ ಎಂದು ನಾವೇ ಹೇಳಿಬಿಟ್ಟರೆ ಓದುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಆಮೇಲಿನ ಹೆಜ್ಜೆ, ಅವನ ಬಾಯಿಂದ ನಿಜವಾಗಿ ಬರುವ ಮಾತನ್ನೇ ಹಿಡಿಯುವುದು. "ತಪ್ಪಾಯಿತು, ಆದರೆ" ಎಂದಲ್ಲವೇ ಅವನು ಶುರುಮಾಡುವುದು? "'ತಪ್ಪಾಯಿತು, ಆದರೆ' ಎನ್ನುವವನು ತಪ್ಪನ್ನು ಒಪ್ಪಿಕೊಂಡಿರುವುದಿಲ್ಲ." ಹತ್ತಿರ ಬಂದೆವು, ಆದರೆ ಇದು ಇನ್ನೂ ವಿವರಣೆಯೇ. ಅವನ ಮಾತನ್ನು ಅವನಿಗೇ ತಿರುಗಿಸು: "'ತಪ್ಪಾಯಿತು, ಆದರೆ' ಎನ್ನುವವನ ಲೆಕ್ಕದಲ್ಲಿ ತಪ್ಪು ಇನ್ನೂ ಆಗಿಲ್ಲ."

ಪದಗಳನ್ನು ಎಣಿಸಿ ನೋಡು. ಮೊದಲಿನ ಬುದ್ಧಿಮಾತಿಗೂ ಏಳು ಪದ, ಕೊನೆಯ ಸಾಲಿಗೂ ಏಳೇ. ಚಿಕ್ಕದಾಗಿಸುವುದಷ್ಟೇ ನಮ್ಮ ಕೆಲಸವಾಗಿದ್ದರೆ ಇಷ್ಟು ತಿದ್ದುವ ಅಗತ್ಯವೇ ಇರಲಿಲ್ಲ. ಆದರೂ ಅಳತೆಯೊಂದು ಕೈಯಲ್ಲಿರಲಿ: ಕನ್ನಡದಲ್ಲಿ ಹನ್ನೆರಡು ಪದಗಳೊಳಗೆ ನಿಲ್ಲದ ನುಡಿ ಬಾಯಿಂದ ಬಾಯಿಗೆ ಹೋಗುವುದು ಕಷ್ಟ. ತಿರುಕ್ಕುರಳ್‌ನ 1330 ಪದ್ಯಗಳಲ್ಲಿ ಪ್ರತಿಯೊಂದೂ ಎರಡೇ ಸಾಲು, ಮೊದಲ ಸಾಲಿಗೆ ನಾಲ್ಕು ಗಣ, ಎರಡನೆಯದಕ್ಕೆ ಮೂರು.

ಇನ್ನು ವಾಕ್ಯದ ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಓದುವವರ ಕಿವಿ ಕೊನೆಯ ಪದಕ್ಕಾಗಿ ಕಾಯುತ್ತಿರುತ್ತದೆ. ಆ ಜಾಗದಲ್ಲಿ "ಆಗಿರುತ್ತದೆ", "ಎಂಬುದು ಸತ್ಯ", "ಎನ್ನಬಹುದು" ಕೂತರೆ ಹೊಡೆತವೆಲ್ಲ ನೀರಾಗಿಹೋಗುತ್ತದೆ. ನಮ್ಮ ಗಾದೆಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು, ಕ್ರಿಯಾಪದವನ್ನೇ ಬಿಟ್ಟುಬಿಡುವುದು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ." ನಾಲ್ಕು ಪದ, ಒಂದೂ ಕ್ರಿಯಾಪದವಿಲ್ಲ, ಭಾರವೆಲ್ಲ ಕೊನೆಯ ಪದದ ಮೇಲೆ. ಕ್ರಮ ಬದಲಿಸಿ "ಇಲಿಗೆ ಪ್ರಾಣಸಂಕಟ, ಬೆಕ್ಕಿಗೆ ಚೆಲ್ಲಾಟ" ಎಂದರೆ ಸಂಗತಿ ಅದೇ, ಆದರೆ ಕೊನೆಗೆ ಕಣ್ಣ ಮುಂದೆ ಉಳಿಯುವುದು ಬೆಕ್ಕು, ಇಲಿಯಲ್ಲ. ಯಾರ ಪಾಡು ಮನಸ್ಸಿನಲ್ಲಿ ನಿಲ್ಲಬೇಕೋ ಅವರು ಕೊನೆಗೆ ಬರಲಿ. ನಿನ್ನ ಸಾಲದ ಸಾಲಿಗೂ ಇದೇ ಮದ್ದು: "ಕೊಟ್ಟವನಿಗೆ ದಿನ ನೆನಪು, ಪಡೆದವನಿಗೆ ಕಷ್ಟ ನೆನಪು." ಎರಡು "ಇರುತ್ತದೆ" ಹೋದವು, "ತನ್ನ" ಹೋಯಿತು. "ಸಾಲ" ಎಂಬ ಪದವೂ ಹೋಗಿದೆ, ಅದು ಬೇಕೋ ಬೇಡವೋ ನೀನು ಯೋಚಿಸು. ಇಟ್ಟುಕೊಂಡರೆ ಮಾತು ಹಣಕ್ಕೆ ಮಾತ್ರ ಸಲ್ಲುತ್ತದೆ, ಬಿಟ್ಟರೆ ಉಪಕಾರಕ್ಕೂ ಸಲ್ಲುತ್ತದೆ, ಆದರೆ ಚೂಪು ಸ್ವಲ್ಪ ಕಡಿಮೆಯಾಗುತ್ತದೆ. ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ.

"ಅಂತೆ" ಎಂಬ ಪ್ರತ್ಯಯವನ್ನೂ ಮರೆಯಬೇಡ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಆ ಒಂದು "ಅಂತೆ"ಯಿಂದ ಹೇಳುವವರು ಪಕ್ಕಕ್ಕೆ ಸರಿಯುತ್ತಾರೆ, ಯಾರೋ ಎಲ್ಲೋ ಅಂದ ಮಾತಾಗುತ್ತದೆ, ಎದುರಿಗೆ ಕೂತವರಿಗೆ ನೇರವಾಗಿ ತಾಗದೆಯೂ ತಾಗುತ್ತದೆ.

ಪ್ರಾಸದ ವಿಷಯದಲ್ಲಿ ಕಟ್ಟುನಿಟ್ಟಾಗಿರು. "ನಗು ಮನಸ್ಸಿನ ಮಗು" ಎಂಬ ನಿನ್ನ ಸಾಲಿನಲ್ಲಿ "ಮಗು" ಬಂದದ್ದು "ನಗು"ವಿನ ಕರೆಗೆ, ಅರ್ಥದ ಕರೆಗಲ್ಲ. ಪರೀಕ್ಷೆ ಸುಲಭ: ಪ್ರಾಸದ ಪದ ತೆಗೆದು ಅದೇ ಅರ್ಥದ ಬೇರೆ ಪದ ಇಡು. "ನಗು ಮನಸ್ಸಿನ ಕೂಸು" ಎಂದ ಕೂಡಲೇ ಏನೂ ಉಳಿಯಲಿಲ್ಲ. "ಕೈ ಕೆಸರಾದರೆ ಬಾಯಿ ಮೊಸರು" ಎಂಬುದಕ್ಕೆ ಇದೇ ಪರೀಕ್ಷೆ ಒಡ್ಡು. "ಕೈಗೆ ಮಣ್ಣು ಮೆತ್ತಿದರೆ ಹೊಟ್ಟೆಗೆ ಅನ್ನ" ಎಂದಾಗ ಚೆಲುವು ಹೋಯಿತು, ನಿಜ ಹೋಗಲಿಲ್ಲ. ನಿಜ ಮೊದಲೇ ಇದ್ದು ಪ್ರಾಸ ಆಮೇಲೆ ಬಂದರೆ ಅದು ಬಂಗಾರಕ್ಕೆ ಪುಟವಿಟ್ಟಂತೆ.

ಉತ್ಪ್ರೇಕ್ಷೆ ಈ ಪ್ರಕಾರಕ್ಕೆ ಅಂಟಿದ ರೋಗ. "ಎಲ್ಲರೂ", "ಯಾವಾಗಲೂ", "ಎಂದಿಗೂ" ಎಂದು ಬರೆದ ತಕ್ಷಣ ಓದುವವರು ಒಂದು ಅಪವಾದ ಹುಡುಕಿ ತೆಗೆದು ನಿನ್ನ ಮಾತನ್ನು ಕೆಳಗಿಡುತ್ತಾರೆ. ಮನುಷ್ಯಸ್ವಭಾವದ ಬಗ್ಗೆ ಅತ್ಯಂತ ಕಟುವಾಗಿ ಬರೆದವರಲ್ಲಿ ಫ್ರಾನ್ಸಿನ ಲಾ ರೋಶ್‌ಫುಕೋ ಒಬ್ಬ. ನಮ್ಮ ಸದ್ಗುಣಗಳು ಬಹುಪಾಲು ವೇಷ ತೊಟ್ಟ ದುರ್ಗುಣಗಳೇ ಎಂಬುದು ಅವನು ತನ್ನ ನುಡಿಗಳ ಪುಸ್ತಕದ ಮೊದಲಿಗೆ ಇಟ್ಟ ಮಾತು. ಅದರಲ್ಲೂ "ಬಹುಪಾಲು" ಎಂಬ ಪದ ಇದೆ. ಆ ಒಂದು ಪದ ಮಾತನ್ನು ಮೆತ್ತಗೆ ಮಾಡಿಲ್ಲ, ಇನ್ನೂ ತಪ್ಪಿಸಿಕೊಳ್ಳಲಾಗದಂತೆ ಮಾಡಿದೆ, ಏಕೆಂದರೆ ಅಪವಾದ ತೋರಿಸಿ ಪಾರಾಗುವ ದಾರಿ ಮುಚ್ಚಿತು.

ತಿದ್ದುವುದನ್ನೂ ಅವನಿಂದ ಕಲಿ. ಅವನ ಪುಸ್ತಕದ ಮೊದಲ ಮುದ್ರಣ 1665ರಲ್ಲಿ ಬಂತು, ಅವನು ಬದುಕಿದ್ದಾಗಿನ ಐದನೆಯ ಹಾಗೂ ಕೊನೆಯ ಮುದ್ರಣ 1678ರಲ್ಲಿ. ಅಷ್ಟರಲ್ಲಿ ನುಡಿಗಳ ಸಂಖ್ಯೆ 504ಕ್ಕೆ ಏರಿತ್ತು. ಆದರೆ ನನಗೆ ದೊಡ್ಡದೆನಿಸುವುದು ಅವನು ಸೇರಿಸಿದ್ದಲ್ಲ, ತೆಗೆದದ್ದು. ಮೊದಲ ಮುದ್ರಣದ ಮೊಟ್ಟಮೊದಲ ಬರಹ ಸ್ವಾರ್ಥಪ್ರೀತಿಯ ಬಗೆಗಿನ ಉದ್ದನೆಯ ಪ್ರಬಂಧದಂಥದ್ದು, ಅವನ ಇಡೀ ವಿಚಾರಕ್ಕೆ ಬುನಾದಿ. 1666ರ ಎರಡನೆಯ ಮುದ್ರಣದಲ್ಲಿ ಅದನ್ನೇ ಕಿತ್ತುಹಾಕಿದ. ವಿಚಾರವನ್ನು ಬಿಡಿಸಿ ಹೇಳುವ ಬರಹ ಹೋಯಿತು, ಅದರಿಂದ ಹುಟ್ಟಿದ ಚಿಕ್ಕ ನುಡಿಗಳು ಉಳಿದವು. ನಿನ್ನ ಪುಸ್ತಕದಲ್ಲೂ ಒಳ್ಳೆಯ ಸಾಲಿನ ಬೆನ್ನಿಗೆ "ಆದ್ದರಿಂದ ನಾವು" ಎಂದು ಶುರುವಾಗುವ ಎರಡನೆಯ ವಾಕ್ಯ ಹಲವು ಕಡೆ ಇದೆ. ಅಂಥದ್ದೆಲ್ಲ ಹೊಡೆದುಹಾಕು.

"ನಾವು" ಎಂಬುದನ್ನು ಬೇರೆ ಕಡೆ ಬಳಸು. ಪರರ ಕಷ್ಟವನ್ನು ತಾಳಿಕೊಳ್ಳುವಷ್ಟು ಶಕ್ತಿ ನಮಗೆಲ್ಲರಿಗೂ ಇದೆ ಎಂದು ಅದೇ ಲೇಖಕ ಬರೆದ. "ಜನರಿಗೆ ಇದೆ" ಎಂದಿದ್ದರೆ ಅದು ದೂರು. "ನಮಗೆ" ಎಂದದ್ದರಿಂದ ಬರೆದವನೂ ಓದಿದವನೂ ಒಂದೇ ಕಟಕಟೆಯಲ್ಲಿ ನಿಂತರು. ನಿನ್ನ ಪುಸ್ತಕದಲ್ಲಿ "ಇಂದಿನ ಜನ", "ಈ ಕಾಲದವರು" ಹೆಚ್ಚಾಗಿದ್ದಾರೆ, ನೀನು ಮಾತ್ರ ಎಲ್ಲೂ ಇಲ್ಲ. ಹಳೆಯ ಗಾದೆಗಳಲ್ಲಿ ಹೆಣ್ಣನ್ನು, ಜಾತಿಯನ್ನು, ಅಂಗವೈಕಲ್ಯವನ್ನು ಹೀಗಳೆದು ನಗಿಸುವಂಥವು ಎಷ್ಟೋ ಇವೆ. ಆ ಅಚ್ಚಿನಲ್ಲಿ ಹೊಸದನ್ನು ಎರಕ ಹೊಯ್ಯಬೇಡ. ಅಲ್ಲಿ ನಗು ಬರುವುದು ಸೂಕ್ಷ್ಮವಾಗಿ ಕಂಡದ್ದರಿಂದಲ್ಲ, ತಿರುಗಿ ಹೊಡೆಯಲಾರದವರ ಮೇಲೆ ಕೈ ಮಾಡಿದ್ದರಿಂದ.

ಒಂದು ನುಡಿ ಎಲ್ಲ ಕಾಲಕ್ಕೂ ನಿಜವಾಗಿರಬೇಕೆಂಬ ಹಟ ಬೇಡ. "ನಿಧಾನವೇ ಪ್ರಧಾನ" ಎನ್ನುವ ಬಾಯಲ್ಲೇ ನಾವು "ಶುಭಸ್ಯ ಶೀಘ್ರಂ" ಎನ್ನುತ್ತೇವೆ, ಎರಡೂ ತಮ್ಮ ತಮ್ಮ ಗಳಿಗೆಯಲ್ಲಿ ಸರಿ. ಹಾಗಾಗಿಯೇ ನುಡಿಯ ಜೊತೆಗೆ ಅದು ಹುಟ್ಟಿದ ಸಂದರ್ಭವನ್ನೂ ಬರೆದಿಟ್ಟುಕೊಳ್ಳುವುದು ಮುಖ್ಯ.

ಇದಕ್ಕೆ ಜರ್ಮನಿಯ ಗ್ಯೋಟಿಂಗೆನ್‌ನ ಭೌತವಿಜ್ಞಾನದ ಪ್ರಾಧ್ಯಾಪಕ ಲಿಶ್ಟನ್‌ಬರ್ಗ್ (1742–1799) ತೋರಿಸಿದ ಕ್ರಮ ನನಗೆ ಬಹಳ ಇಷ್ಟ. ವ್ಯಾಪಾರಿಗಳು ಕೊಂಡದ್ದು ಮಾರಿದ್ದನ್ನೆಲ್ಲ ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾರೆ, ಅಲ್ಲಿಂದ ದಿನವಹಿಗೆ ಕ್ರಮವಾಗಿ ಇಳಿಸುತ್ತಾರೆ, ಕೊನೆಗೆ ಖಾತೆ ಪುಸ್ತಕಕ್ಕೆ ಸೇರಿಸುತ್ತಾರೆ, ಬರೆಯುವವರೂ ಹಾಗೇ ಮಾಡಬೇಕು ಎಂದು ಅವನು ಬರೆದುಕೊಂಡಿದ್ದಾನೆ. ಅವನ ಕಚ್ಚಾ ಪುಸ್ತಕಗಳೇ ಅವನು ಸತ್ತ ಮೇಲೆ ಅಚ್ಚಾಗಿ ಹೆಸರು ತಂದವು. ನೀನೂ ಮೂರು ಪುಸ್ತಕ ಇಡು. ಮೊದಲನೆಯದರಲ್ಲಿ ಬರೀ ಕಂಡದ್ದು: ಯಾರು, ಏನೆಂದರು, ಆಮೇಲೆ ಏನು ಮಾಡಿದರು, ತಾರೀಕಿನ ಸಮೇತ. ಅಲ್ಲಿ ಜಾಣತನ ಬೇಡ. ವಾರಕ್ಕೊಮ್ಮೆ ಕೂತು ಅದರಲ್ಲಿ ಮತ್ತೆ ಮತ್ತೆ ಕಾಣುವ ನಡವಳಿಕೆಯನ್ನು ಹುಡುಕಿ ಎರಡನೆಯದಕ್ಕೆ ಇಳಿಸು. ಒಂದೇ ಸಲ ಕಂಡದ್ದು ಒಬ್ಬನ ಕಥೆ, ನಾಲ್ಕಾರು ಕಡೆ ಕಂಡದ್ದು ಸ್ವಭಾವ. ತಿದ್ದುವುದೆಲ್ಲ ಎರಡನೆಯ ಪುಸ್ತಕದಲ್ಲೇ ನಡೆಯಲಿ, ಹಳೆಯ ರೂಪಗಳನ್ನು ಅಳಿಸದೆ ಒಂದರ ಕೆಳಗೆ ಒಂದು ಬರೆ, ಎಷ್ಟೋ ಸಲ ಮೂರನೆಯ ರೂಪ ಐದನೆಯದಕ್ಕಿಂತ ಚೆನ್ನಾಗಿರುತ್ತದೆ. ತಿಂಗಳಾದ ಮೇಲೂ ಬದಲಿಸಬೇಕೆನಿಸದ ಸಾಲು ಮಾತ್ರ ಮೂರನೆಯದಕ್ಕೆ ಹೋಗಲಿ.

ಪ್ರಕಟಿಸುವ ಮೊದಲು ಹುಡುಕು. ಚೆನ್ನಾಗಿ ಬಂದ ಸಾಲು ನಮ್ಮದೇ ಅನಿಸುತ್ತದೆ, ಎಂದೋ ಓದಿ ಮರೆತದ್ದೂ ಹಾಗೇ ಅನಿಸುತ್ತದೆ. ಸಾಲಿನ ಮುಖ್ಯ ಪದಗಳನ್ನು ಹಾಕಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೋಡು, ಓದಿಕೊಂಡ ಇಬ್ಬರಿಗೆ ತೋರಿಸು. ಇನ್ನೊಬ್ಬರ ಮಾತು ಬಳಸುವಾಗ ಹೆಸರಿನ ಬಗ್ಗೆ ಇನ್ನೂ ಎಚ್ಚರ ಬೇಕು. ನಿನ್ನ ಮಾತು ನಾನು ಒಪ್ಪದಿದ್ದರೂ ಅದನ್ನು ಆಡುವ ನಿನ್ನ ಹಕ್ಕಿಗಾಗಿ ಹೋರಾಡುತ್ತೇನೆ ಎಂಬುದು ವೋಲ್ಟೇರನ ಹೆಸರಿನಲ್ಲಿ ಓಡಾಡುತ್ತದೆ. ಅದನ್ನು ಬರೆದದ್ದು ಅವನ ಗೆಳೆಯರ ಬಗ್ಗೆ 1906ರಲ್ಲಿ ಪುಸ್ತಕ ತಂದ ಎವೆಲಿನ್ ಬಿಯಾಟ್ರಿಸ್ ಹಾಲ್ ಎಂಬ ಲೇಖಕಿ, ಅವನ ಧೋರಣೆಯನ್ನು ತನ್ನ ಮಾತಿನಲ್ಲಿ ಹೇಳಲು. ಚಿಕ್ಕದಾಗಿಸಲು ಸಮಯವಿಲ್ಲದ್ದರಿಂದ ಪತ್ರ ಉದ್ದವಾಯಿತು ಎಂಬುದನ್ನು ಮಾರ್ಕ್ ಟ್ವೇನ್‌ಗೆ ಅಂಟಿಸುತ್ತಾರೆ. ಅದು ಫ್ರೆಂಚ್ ಚಿಂತಕ ಪಾಸ್ಕಲ್ 1656ರಲ್ಲಿ ಬರೆದ ಪತ್ರವೊಂದರಲ್ಲಿದೆ. ಮೂಲ ಬರಹದಲ್ಲಿ ನೀನೇ ನೋಡದ ಹೊರತು ಯಾರ ಹೆಸರನ್ನೂ ಹಾಕಬೇಡ.

ಒಟ್ಟಿಗೆ ಬಹಳ ಕೊಡಬೇಡ. ಒಂದು ನುಡಿ ಓದಿದವರು ಒಂದು ಕ್ಷಣ ತಮ್ಮ ಪರಿಚಯದವರ ಮುಖ ನೆನೆಯಬೇಕು, ಬೆನ್ನಿಗೇ ಇನ್ನೊಂದು ಬಂದರೆ ಆ ಕ್ಷಣ ಸಿಗುವುದಿಲ್ಲ. ಮುಂದಿನ ಸಲ ನನಗೆ ಹತ್ತೇ ಕಳಿಸು. ಪ್ರತಿಯೊಂದರ ಕೆಳಗೆ ಕಚ್ಚಾ ಪುಸ್ತಕದಿಂದ ಅದರ ಸಂದರ್ಭವನ್ನೂ, ನೀನು ಹೊಡೆದುಹಾಕಿದ ರೂಪಗಳನ್ನೂ ಇಳಿಸಿರು. ಅವನ್ನೇ ಮೊದಲು ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ